ಮರದ ಮುಪ್ಪನ್ನು ಕಳೆಯುವ ಬುರುಲ್ಚಾ

ನಾರಿನ್ ಪಟ್ಟಣದ ಬೀದಿಗೆ ಕಲ್ಲಿದ್ದಲಿನ ಲಾರಿಗಳು ಇನ್ನೂ ಇಳಿದಿಲ್ಲ. ಕಿಟಕಿಯ ಗಾಜಿನ ತುಂಬ ಮಂಜು ಹೂವಿನಂತೆ ಹೆಪ್ಪುಗಟ್ಟಿದೆ, ನದಿಯಾಚೆಯ ಗುಡ್ಡದ ಅಂಚು ಈಗಷ್ಟೇ ಬೂದಿ ಬಣ್ಣಕ್ಕೆ ತಿರುಗುತ್ತಿದೆ. ಬುರುಲ್ಚಾ ಒಲೆಗೆ ಒಂದಿಷ್ಟು ಕಲ್ಲಿದ್ದಲು ಸುರಿದು, ಉಣ್ಣೆಯ ಶಾಲನ್ನು ಸೊಂಟಕ್ಕೆ ಬಿಗಿದು, ಸೂಕ್ಷ್ಮದರ್ಶಕದ ಮೇಲೆ ಬಗ್ಗುತ್ತಾರೆ. ಗಾಜಿನ ಕೆಳಗಿರುವುದು ಪೆನ್ಸಿಲ್‌ಗಿಂತ ತೆಳ್ಳನೆಯ ಒಂದು ಕಡ್ಡಿ. ಎತ್ತರದ ಬೆಟ್ಟದಲ್ಲಿ ಬಂಡೆ ಹಿಡಿದು ಬೆಳೆಯುವ ಅರ್ಚಾ ಮರದ ತೊಗಟೆಯಿಂದ ತಿರುಳಿನವರೆಗೆ ಕೊರೆದು ತೆಗೆದದ್ದು. ಬಲಗೈ ಒಂದು ತಿರುಪನ್ನು ಕೂದಲೆಳೆಯಷ್ಟು ತಿರುಗಿಸುತ್ತದೆ, ಎಡಗೈ ಗುಂಡಿ ಒತ್ತುತ್ತದೆ. ಒಂದು ಉಂಗುರ ಮುಗಿಯಿತು ಎಂದರೆ ಮರದ ಒಂದು ವರ್ಷ ಮುಗಿಯಿತು.

"ಲಾರಿ ಬಂತು ಅಂದ್ರೆ ಮೇಜು ನಡುಗುತ್ತೆ. ನಾನು ಯಾವ ವರ್ಷದಲ್ಲಿ ನಿಂತಿದ್ದೆ ಅನ್ನೋದೇ ತಪ್ಪಿಹೋಗುತ್ತೆ" ಎನ್ನುತ್ತಾರೆ, ಕಣ್ಣು ಎತ್ತದೆ. "ಅದಕ್ಕೇ ಬೇಗ ಬರೋದು. ಮನೆಯೋರಿಗೂ ಒಳ್ಳೇದೇ, ಬೆಳಗ್ಗೆ ನನ್ನ ಗೊಣಗಾಟ ಕೇಳೋದು ತಪ್ಪುತ್ತೆ."

ಊರವರು ಈ ಪ್ರಯೋಗಶಾಲೆಯನ್ನು ಕರೆಯುವುದು ಮರದ ಕೋಣೆ ಎಂದು. ಕಡ್ಡಿಗಳನ್ನು ಮರಳು ಕಾಗದದಿಂದ ಉಜ್ಜಿ ಉಜ್ಜಿ ಅರ್ಚಾದ ಘಮ ಗೋಡೆಗೇ ಹತ್ತಿಬಿಟ್ಟಿದೆ. ಮನೆಯಲ್ಲಿ ಯಾರಿಗಾದರೂ ದೃಷ್ಟಿಯಾದರೆ ಇದೇ ಮರದ ಸೊಪ್ಪಿನ ಹೊಗೆ ಹಾಕುವ ಜನ ನಾವು. ಹಾಗಾಗಿ ಪಕ್ಕದ ಔಷಧಿ ಅಂಗಡಿಯವಳು ಮಗುವಿಗೆ ಜ್ವರ ಬಂದಾಗಲೆಲ್ಲ ಎತ್ತಿಕೊಂಡು ಬಂದು ಇಲ್ಲಿ ಸ್ವಲ್ಪ ಹೊತ್ತು ಕೂತು ಹೋಗುತ್ತಾಳಂತೆ. ಔಷಧಿ ಅಂಗಡಿಯವಳೇ!

ಇಷ್ಟೆಲ್ಲ ಅಳೆದು ಮಾಡುವುದೇನು? ಅದನ್ನು ಬುರುಲ್ಚಾ ಅವರ ಬಾಯಲ್ಲೇ ಕೇಳಬೇಕು. ಮದುವೆಯಾದ ಹೊಸದರಲ್ಲಿ ಅವರು ಶಾಲಾ ಸಮವಸ್ತ್ರ ಹೊಲಿಯುವ ಕಾರ್ಖಾನೆಯಲ್ಲಿ ಬಟ್ಟೆ ಕತ್ತರಿಸುತ್ತಿದ್ದವರು.

"ಒಬ್ಬ ಹುಡುಗ ಏಳನೇ ವಯಸ್ಸಲ್ಲಿ ವರ್ಷಕ್ಕೆ ನಾಲ್ಕು ಬೆರಳು ಬೆಳೀತಾನೆ. ಇಪ್ಪತ್ತೈದಕ್ಕೆ ಒಂದು ಬೆರಳೂ ಬೆಳೆಯಲ್ಲ. ಹಾಗಂತ ಇಪ್ಪತ್ತೈದನೇ ವರ್ಷ ಅವನ ಮನೇಲಿ ಅನ್ನ ಇರ್ಲಿಲ್ಲ ಅಂತೀರಾ? ಮೊದಲು ವಯಸ್ಸು ಕೇಳಬೇಕು. ಆಮೇಲೆ ಟೇಪು ಹಿಡೀಬೇಕು."

ಮರವೂ ಹಾಗೆಯೇ. ಎಳೆಯ ಮರದ ಕಾಂಡ ಸಣ್ಣದು, ಆ ವರ್ಷ ಉಂಡದ್ದೆಲ್ಲ ಸಣ್ಣ ಸುತ್ತಿನೊಳಗೇ ಹೋಗಿ ಉಂಗುರ ದಪ್ಪವಾಗುತ್ತದೆ. ವಯಸ್ಸಾದಂತೆ ಸುತ್ತು ದೊಡ್ಡದಾಗುತ್ತದೆ. ಅಷ್ಟೇ ಕೆನೆಯನ್ನು ಅಗಲವಾದ ರೊಟ್ಟಿಗೆ ಸವರಿದ ಹಾಗೆ, ಉಂಗುರ ವರ್ಷದಿಂದ ವರ್ಷಕ್ಕೆ ತೆಳುವಾಗುತ್ತ ಹೋಗುತ್ತದೆ. ಮಳೆ, ಹಿಮ ಚೆನ್ನಾಗಿದ್ದರೂ ತೆಳುವೇ. ಅದನ್ನು ಹಾಗೇ ಓದಿದರೆ ಜಗತ್ತಿನ ಎಲ್ಲ ಬೆಟ್ಟಗಳೂ ಒಣಗುತ್ತಿವೆ ಎಂದೇ ಕಾಣುತ್ತದೆ. ಆದ್ದರಿಂದ ಬುರುಲ್ಚಾ ಪ್ರತಿ ಉಂಗುರದ ಅಳತೆಯನ್ನೂ ಆ ವಯಸ್ಸಿನ ಮರ ವಾಡಿಕೆಯಾಗಿ ಎಷ್ಟು ಬೆಳೆಯುತ್ತದೋ ಅದರಿಂದ ಭಾಗಿಸುತ್ತಾರೆ. ಒಂದು ಬಂದರೆ ಸಾಧಾರಣ ವರ್ಷ. ಹೆಚ್ಚು ಬಂದರೆ ನೀರು ಕೈತುಂಬ ಸಿಕ್ಕ ವರ್ಷ, ಕಡಿಮೆಯಾದರೆ ಬಾಯಾರಿದ ವರ್ಷ. ಮರದ ಮುಪ್ಪನ್ನು ಕಳೆದ ಮೇಲೆ ಉಳಿಯುವುದು ಬೆಟ್ಟದ ಸುದ್ದಿ.

ಭಾಗಿಸುವ ಕೆಲಸವನ್ನು ಈಗ ಕಂಪ್ಯೂಟರೇ ಮಾಡುತ್ತದೆ. ಆದರೂ ಬುರುಲ್ಚಾ ಮೊದಲು ಚೌಕಳಿ ಕಾಗದದ ಮೇಲೆ, ಹಿಂದೆ ಅಂಗಿಯ ಕಂಕುಳು ಕತ್ತರಿಸಲು ಬಳಸುತ್ತಿದ್ದ ಬಾಗು ಪಟ್ಟಿಯನ್ನಿಟ್ಟು ಕೈಯಿಂದಲೇ ಆ ವಾಡಿಕೆಯ ಬೆಳವಣಿಗೆಯ ಗೆರೆ ಎಳೆಯುತ್ತಾರೆ. ಗೆರೆ ಬಾಗದೆ ತೀರಾ ಸೆಟೆದಿದ್ದರೆ ಮುಪ್ಪು ಅಲ್ಲೇ ಉಳಿಯುತ್ತದೆ. ತೀರಾ ಮೆತ್ತಗಾಗಿ ಪ್ರತಿ ಏರು ತಗ್ಗಿನ ಹಿಂದೆಯೂ ಹೋದರೆ ಮುಪ್ಪಿನ ಜೊತೆಗೆ ಬರಗಾಲವನ್ನೂ ಕಳೆದುಬಿಡುತ್ತದೆ.

"ಯಂತ್ರ ಕೇಳಿದ್ದಕ್ಕೆಲ್ಲ ಹ್ಞೂಂ ಅನ್ನುತ್ತೆ. ಎಷ್ಟು ಬಿಗಿ ಇರ್ಬೇಕು ಅಂತ ನಾವೇ ಹೇಳ್ಬೇಕು. ಮೈಗೆ ಅಂಟೋ ಹಾಗೆ ಕೋಟು ಹೊಲಿದ್ರೆ ಉಸಿರಾಡೋಕೆ ಜಾಗ ಇರುತ್ತಾ?"

ಕಾರ್ಖಾನೆ ಮುಚ್ಚಿದಾಗ ಕಡ್ಡಿ ಉಜ್ಜುವ ಕೆಲಸಕ್ಕೆ ಅಂತ ಇಲ್ಲಿಗೆ ಬಂದವರು ಬುರುಲ್ಚಾ. ಒಂದು ಚಳಿಗಾಲದ ಮಟ್ಟಿಗೆ ಎಂದುಕೊಂಡಿದ್ದರಂತೆ. ಇಪ್ಪತ್ತು ಚಳಿಗಾಲ ಕಳೆದಿವೆ. ಗಂಡ ಪಟ್ಟಣದ ಬಿಸಿನೀರಿನ ಕೊಳವೆ ರಿಪೇರಿ ಮಾಡುತ್ತಾರೆ. ಬುರುಲ್ಚಾ ಅವರ ಕೆಲಸ ಮಾತ್ರ ಇವತ್ತಿಗೂ ಕಾಯಂ ಆಗಿಲ್ಲ, ಪ್ರತಿ ವರ್ಷ ಹೊಸದಾಗಿ ಸಹಿ ಹಾಕಬೇಕು. ಮರದ ಪುಡಿಗೆ ಕೆಮ್ಮು ಹತ್ತಿದೆ, ಕುತ್ತಿಗೆ ಎಡಕ್ಕೆ ಹೊರಳುವುದಿಲ್ಲ. ಕಡ್ಡಿ ನೇರವಾಗಿದ್ದರೆ ಒಂದು ಬೆಳಗ್ಗೆ ಮೂರು ಮುಗಿಯುತ್ತವೆ. ಅರ್ಚಾ ತಿರುಚಿಕೊಂಡು ಬೆಳೆಯುವ ಹಟಮಾರಿ ಮರ. ಕೆಲವು ವರ್ಷ ಉಂಗುರವನ್ನೇ ಕಟ್ಟದೆ ಮುನಿಸಿಕೊಂಡಿರುತ್ತದೆ. ಅಂಥ ಕಡ್ಡಿ ಒಂದೇ ಸಾಕು, ವಾರವೆಲ್ಲ ತಿನ್ನುತ್ತದೆ.

ಅರ್ಚಾ, ಅರ್ಚಾ ಎಂದು ಇಲ್ಲಿ ಬರೆದದ್ದು ನಾನು. ಬುರುಲ್ಚಾ ಆ ಮಾತನ್ನು ಒಮ್ಮೆಯೂ ಆಡಿಲ್ಲ. ಅವರ ಮಾವನ ಹೆಸರು ಅರ್ಚಬೆಕ್. ಮಾವನ ಹೆಸರನ್ನು ಸೊಸೆ ಬಾಯಿಗೆ ತರುವಂತಿಲ್ಲ ಎಂದ ಮೇಲೆ, ಅದರೊಳಗಿನ ಮರವನ್ನು ತಂದಾರೆಯೇ? ಅವರು ಹೇಳುವುದು 'ಹಸಿರು ಹಿರಿಯರು' ಎಂದು.

"ರಾಜಧಾನಿಯಿಂದ ಫೋನ್ ಬರುತ್ತೆ, ಯಾವ ಮರದ ಕಡ್ಡಿ ಅಂತ ಕೇಳ್ತಾರೆ" ಎಂದು ನಗುತ್ತಾರೆ ಕುಬಾತ್, ಈ ಕೋಣೆಯ ಮುಖ್ಯಸ್ಥರು. ವಯಸ್ಸಿನಲ್ಲಿ ಬುರುಲ್ಚಾ ಅವರಿಗಿಂತ ತುಂಬ ಚಿಕ್ಕವರು, ಅಕ್ಕ ಎನ್ನುವ ಅರ್ಥದಲ್ಲಿ ಎಜೆ ಎಂದೇ ಕರೆಯುತ್ತಾರೆ. "ಎಜೆ ಹೇಳ್ತಾರೆ, ನಮ್ಮ ಮನೆ ಹಿರಿಯರ ಮರ ಅಂತ. ಅಲ್ಲಿಯವರು, ಅದು ಯಾವ ಜಾತಿ, ಪುಸ್ತಕದಲ್ಲಿ ಸಿಗ್ತಾ ಇಲ್ವಲ್ಲ ಅಂತಾರೆ."

"ನಿನ್ನ ಹೆಂಡ್ತಿ ನಿಮ್ಮಪ್ಪನ ಹೆಸರು ಹಿಡಿದು ಕೂಗ್ತಾಳೇನೋ?"

"ಕೂಗ್ತಾಳೆ ಎಜೆ. ಕೋಪ ಬಂದಾಗ."

"ಹಾಗಾದ್ರೆ ದಿನಾ ಕೂಗ್ತಾಳೆ ಅನ್ನು."

ಈ ನಗು ಹೋದ ವರ್ಷ ಈ ಕೋಣೆಯಲ್ಲಿ ಇರಲಿಲ್ಲ. ಹೋದ ವರ್ಷ ಬುರುಲ್ಚಾ ಎಳೆದ ಒಂದು ಗೆರೆಗೆ ಅವರ ಗಂಡನ ಊರೇ ಸಿಕ್ಕಿಹಾಕಿಕೊಂಡಿತ್ತು.

ಊರಿನ ಹೆಸರು ಚಿಲ್-ಬುಲಾಕ್. ಬೆಟ್ಟದ ಮಡಿಲಲ್ಲಿ ಎಂಬತ್ತು ಚಿಲ್ಲರೆ ಮನೆಗಳು, ಮೇಲೆ ಅರ್ಚಾ ಕಾಡು, ಕಾಡಿನ ಬುಡದಲ್ಲಿ ಊರಿಗೆಲ್ಲ ನೀರು ಕೊಡುವ ಚಿಲುಮೆ. ಜನ ಇನ್ನೂ ಕತ್ತೆಯ ಮೇಲೆ ಡಬ್ಬ ಹೇರಿಕೊಂಡು ನೀರು ತರುತ್ತಿದ್ದರು. ಮನೆ ಮನೆಗೆ ಕೊಳವೆ ಹಾಕಿಕೊಡುತ್ತೇವೆಂದು ಜಿಲ್ಲೆಯವರು ಮುಂದೆ ಬಂದರು. ಆದರೆ ಬೆಟ್ಟವೇ ಒಣಗುತ್ತಿದೆ ಎನ್ನುವುದಾದರೆ ಬತ್ತುವ ಚಿಲುಮೆಗೆ ಕೊಳವೆ ಹಾಕಿ ಏನು ಪ್ರಯೋಜನ? ಹಾಗಿದ್ದರೆ ಊರನ್ನೇ ಕೆಳಗಿನ ಹೆದ್ದಾರಿಯ ಪಕ್ಕದ ಬಯಲಿಗೆ ಇಳಿಸುವುದು ಎಂದಾಯಿತು. ಎರಡರಲ್ಲಿ ಯಾವುದೆಂದು ತಿಳಿಯಲು ಮರದ ಕೋಣೆಯನ್ನು ಕೇಳಿದರು.

ಕುರಿ ಮಂದೆಗಳು ಬೆಟ್ಟದಿಂದ ಇಳಿದ ಮೇಲೆ, ಶರತ್ಕಾಲದಲ್ಲಿ, ಕುಬಾತ್ ಮತ್ತು ಬುರುಲ್ಚಾ ಕೊರೆಯುವ ಸಲಕರಣೆ ಹಿಡಿದು ಹೋದರು. ದಾರಿ ತೋರಿಸಿದವರು ಮಾವ ಅರ್ಚಬೆಕ್. ಆ ಕಾಡಿನ ಕಾವಲು ಕಾದೇ ನಿವೃತ್ತರಾದವರು, ಒಂದೊಂದು ಮರವನ್ನೂ ಬಲ್ಲವರು. ಕುಬಾತ್ ದಾರಿ ಬದಿಯ ಒಂದು ಎಳೆಯ ಮರಕ್ಕೆ ಸಲಕರಣೆ ಒತ್ತಲು ಹೋದಾಗ ಮುದುಕರು ತಡೆದರು.

"ಮಗುವಿನ ಮೈಗೆ ಚುಚ್ಚಬೇಡಪ್ಪ. ಮನೆಗೆ ಬಂದೋನು ಮೊದಲು ಯಾರಿಗೆ ಸಲಾಂ ಹೇಳ್ತಾನೆ? ಹಿರಿಯರಿಗೆ. ಹಿರಿಯರಿಗೆ ಗೊತ್ತಿಲ್ಲದ್ದು ಈ ಚಿಕ್ಕವಕ್ಕೆ ಏನು ಗೊತ್ತಿರುತ್ತೆ?"

ಬಿಳಿಗಡ್ಡದವರ ಮಾತಿಗೆ ಕುಬಾತ್ ಎದುರಾಡಲಿಲ್ಲ. ಮಾವನ ಮಾತಿಗೆ ಸೊಸೆ ಎದುರಾಡುವ ಮಾತೇ ಇಲ್ಲ. ಮುನ್ನೂರು ದಾಟಿದ, ನಾನೂರು ಮುಟ್ಟಿದ ಮರಗಳ ಕಡ್ಡಿಗಳನ್ನಷ್ಟೇ ಹೊತ್ತು ಇಬ್ಬರೂ ಹಿಂದಿರುಗಿದರು. ಬೇರೆ ನಾಡಿನವರಾಗಿದ್ದರೆ ಮುದುಕರ ಕಣ್ಣು ತಪ್ಪಿಸಿ ನಾಲ್ಕು ಎಳೆಯ ಮರಗಳನ್ನೂ ಕೊರೆದುಕೊಂಡು ಬರುತ್ತಿದ್ದರೇನೋ. ನಮ್ಮವರಿಗೆ ಅದು ಬರುವುದಿಲ್ಲ.

ತೊಂದರೆ ಗೊತ್ತಾದದ್ದು ಮೇಜಿನ ಮುಂದೆ ಕೂತಾಗ. ಎಲ್ಲವೂ ಮುದಿ ಮರಗಳೇ, ಎಳೆಯದು ಒಂದೂ ಇಲ್ಲ. ಹೊರಗಿನ ಉಂಗುರಗಳು ತೆಳ್ಳಗಿರುವುದು ವಯಸ್ಸಿಗೋ ಬಾಯಾರಿಕೆಗೋ ಎಂದು ಬಿಡಿಸಿ ಹೇಳುವ ದಾರಿಯೇ ಇಲ್ಲ. ಬೆಟ್ಟದ ಮೇಲೆ ಹಿಮ ಬಿದ್ದು ದಾರಿ ಮುಚ್ಚಿತ್ತು, ಜಿಲ್ಲೆಯವರು ಅವಸರಿಸುತ್ತಿದ್ದರು. ಯಾವ ವಯಸ್ಸಿಗೆ ಎಷ್ಟು ಬೆಳವಣಿಗೆ ಎನ್ನುವ ವಾಡಿಕೆಯ ಗೆರೆಯನ್ನು ಇಬ್ಬರೂ ಕೂಡಿ ಮಾತಾಡಿ ದೂರದ ಇನ್ನೊಂದು ಬೆಟ್ಟದಿಂದ ಎರವಲು ತಂದರು. ಅದು ತಗ್ಗಿನ, ತೇವದ ಬೆಟ್ಟ. ಅಲ್ಲಿಯ ಮರಗಳು ಮುನ್ನೂರಾದರೂ ಮೈ ತುಂಬಿಕೊಂಡೇ ಇರುತ್ತವೆ.

"ಬೇರೆ ಊರಿನ ಮಕ್ಕಳ ಅಳತೆ ಹಿಡಿದು ನಮ್ಮ ಮಕ್ಕಳಿಗೆ ಕೋಟು ಹೊಲಿದೆ" ಎನ್ನುತ್ತಾರೆ ಬುರುಲ್ಚಾ. "ಜೋತಾಡ್ತಾ ಇತ್ತು. ಕೋಟು ದೊಡ್ಡದು ಅನ್ಲಿಲ್ಲ, ಮಕ್ಕಳು ಸೊರಗಿದಾವೆ ಅಂದೆ."

ಹಾಗೆ ಭಾಗಿಸಿ ಬಂದ ಗೆರೆ ನೂರು ವರ್ಷದಿಂದ ಇಳಿಯುತ್ತಲೇ ಬಂದಿತ್ತು. ಮಾರ್ಚ್ ತಿಂಗಳಲ್ಲಿ ಚಿಲ್-ಬುಲಾಕ್ ಶಾಲೆಯಲ್ಲಿ ಊರು ಸೇರಿತು. ಕುಬಾತ್ ಗೆರೆಯನ್ನು ಗೋಡೆಗೆ ಅಂಟಿಸಿ ವಿವರಿಸಿದರು, ವಾಡಿಕೆಯ ಅಳತೆ ಎರವಲಿನದು ಎಂದೂ ಹೇಳಿದರು. ಇಳಿಯುವ ಗೆರೆಯನ್ನು ನೋಡುತ್ತಿದ್ದವರ ಕಿವಿಗೆ ಅದು ಬೀಳಲಿಲ್ಲ. ಬುರುಲ್ಚಾ ಹಿಂದಿನ ಬೆಂಚಿನಲ್ಲಿ ತಲೆವಸ್ತ್ರವನ್ನು ಹಣೆಗೆ ಎಳೆದುಕೊಂಡು ಕೂತಿದ್ದರು. ಸೊಸೆಯ ಕೈಯಿಂದ ಬಂದ ಗೆರೆ ಎಂದು ಊರಿಗೆಲ್ಲ ಗೊತ್ತಿತ್ತು. ಯಾರೂ ಬೈಯಲಿಲ್ಲ. ಅದೇ ಹೆಚ್ಚು ನೋಯಿಸಿತು ಎನ್ನುತ್ತಾರೆ.

ಆಗ ಎದ್ದು ನಿಂತವರು ಅತ್ತೆ ಕಲಿಚಾ.

"ಎಷ್ಟು ವಯಸ್ಸಿನ ಮರಗಳನ್ನ ಕೇಳಿದಿರಪ್ಪ?"

"ಮುನ್ನೂರು ದಾಟಿದವು, ಅಜ್ಜಿ. ಕೆಲವು ನಾನೂರು" ಎಂದರು ಕುಬಾತ್.

"ಸರಿಹೋಯ್ತು ಬಿಡು. ನನ್ನ ಮೊಣಕಾಲು ಮುಟ್ಟಿ ನೋಡಿ, ಇಡೀ ಊರೇ ಕುಂಟ್ತಾ ಅದೆ ಅಂತ ಬರ್ಕೊಂಡು ಬಂದಿದೀಯ."

ಹಿಂದೆ ಯಾರೋ ಕಿಸಕ್ಕೆಂದರು. ಅರ್ಚಬೆಕ್ ಗಡ್ಡ ನೀವಿಕೊಳ್ಳುತ್ತಾ, "ಕೂತ್ಕೊ ನೀನು, ಇದು ವಿಜ್ಞಾನದ ಮಾತು" ಎಂದರು.

"ನಾನ್ಯಾಕೆ ಕೂತ್ಕೊಳ್ಳಲಿ ಮುದುಕಪ್ಪ? ಕರ್ಕೊಂಡು ಹೋಗಿದ್ದೇ ನೀನು, ಅದೂ ನಿನ್ನ ವಾರಿಗೆಯವರ ಹತ್ರಕ್ಕೆ. ಮುದುಕರನ್ನ ಕೇಳಿದ್ರೆ, ಈಗಿನ ಕಾಲ ಚೆನ್ನಾಗದೆ ಅಂತ ಯಾರಾದ್ರೂ ಅಂದಾರಾ? ನೀನೇ ದಿನಾ ಚಾ ಕುಡೀತಾ ಅಂತೀಯಲ್ಲ, ಹಿಂದಿನ ಕೆನೆ ಹಿಂಗಿರ್ಲಿಲ್ಲ ಅಂತ. ಹಸು ಅದೇ ಜಾತಿ, ಹುಲ್ಲು ಅದೇ ಹುಲ್ಲು."

ಸಭೆ ನಕ್ಕಿತು. ನಗದೆ ಇದ್ದವರು ಇಬ್ಬರೇ. ಕುಬಾತ್ ತಿರುಗಿ ಬುರುಲ್ಚಾ ಅವರನ್ನು ನೋಡಿದರು, ಬುರುಲ್ಚಾ ಆಗಲೇ ಅವರನ್ನು ನೋಡುತ್ತಿದ್ದರು. ಹಿಂದಿರುಗುವ ಜೀಪಿನಲ್ಲಿ ಕುಬಾತ್ ಮಾತು ತೆಗೆದರು.

"ಎಜೆ, ಹಿರಿಯರ ಬಾಲ್ಯ ನಮ್ಮ ಹತ್ರ ಇದೆ."

"ಇದೆ. ಕಡ್ಡಿಯ ಒಳತುದೀಲಿ."

"ಈಗಿನ ಮಕ್ಕಳ ಬಾಲ್ಯ ಇಲ್ಲ. ಅದು ಸಿಕ್ಕಿದ್ರೆ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಬಹುದು. ಅದೇ ವಯಸ್ಸು, ಅದೇ ಬೆಟ್ಟ, ಕಾಲ ಮಾತ್ರ ಬೇರೆ. ಎಳೆಯವು, ನಡುವಯಸ್ಸಿನವು ಎಲ್ಲಾ ಸೇರಿದ್ರೆ ವಾಡಿಕೆಯ ಗೆರೇನೂ ಇಲ್ಲಿಯದೇ ಸಿಗುತ್ತೆ, ಎರವಲು ಬೇಡ."

"ಅತಾ ಬಿಡಬೇಕಲ್ಲ" ಎಂದರು ಬುರುಲ್ಚಾ. ಮಾವನನ್ನು ಅವರು ಕರೆಯುವುದು ಹಾಗೆ, ಅಪ್ಪ ಎಂದು.

ಕುಬಾತ್ ಜಿಲ್ಲೆಯವರ ಹತ್ತಿರ ಶರತ್ಕಾಲದವರೆಗೆ ಸಮಯ ಕೇಳಿ ಪಡೆದರು. ಆ ವಸಂತದಲ್ಲಿ ಚಿಲ್-ಬುಲಾಕ್‌ನಲ್ಲಿ ಯಾರೂ ಗೋಡೆಗೆ ಸುಣ್ಣ ಬಳಿಯಲಿಲ್ಲ. ಬಿದ್ದ ಬೇಲಿ ಬಿದ್ದೇ ಇತ್ತು. ಬಿಟ್ಟುಹೋಗುವ ಮನೆಗೆ ಯಾರು ಕೈ ಹಾಕುತ್ತಾರೆ? ಅರ್ಚಬೆಕ್ ಅವರ ಕಿರಿಯ ಮಗ ಕುರಿದೊಡ್ಡಿಯ ಸೂರಿಗೆಂದು ತಂದ ತೊಲೆಗಳು ಅಂಗಳದಲ್ಲಿ ನೆನೆಯುತ್ತಿದ್ದವು. ಮುದುಕರು ಬೆಳಗಿನ ಹೊತ್ತು ಆ ತೊಲೆಗಳ ಮೇಲೆ ಕೂತು ಬೆಟ್ಟ ನೋಡುತ್ತಿದ್ದರಂತೆ. ಎಳೆಯ ಮರ ಕೊರೆಯಲು ಅವರನ್ನು ಒಪ್ಪಿಸಿದ್ದು ಕಲಿಚಾ. ಹೇಗೆ ಎಂದು ಕೇಳಿದರೆ, "ಮೂರು ದಿನ ಚಾಕ್ಕೆ ಕೆನೆ ಹಾಕಲಿಲ್ಲ" ಎನ್ನುತ್ತಾರೆ. ನಿಜವೋ ಸುಳ್ಳೋ.

ಹಿಮ ಕರಗಿದ ಮೇಲೆ ಮೂವರೂ ಮತ್ತೆ ಏರಿದರು. ಅರ್ಚಬೆಕ್ ಪ್ರತಿಯೊಂದು ಎಳೆಯ ಮರದ ಮೇಲೂ ಅಂಗೈಯಿಟ್ಟು ಬಿಸ್ಮಿಲ್ಲಾ ಎಂದ ನಂತರವೇ ಕೊರೆಯಲು ಬಿಟ್ಟರು.

"ಇದಕ್ಕೆ ನೋವಾಗುತ್ತಾ?"

"ನಿಮಗೆ ಇಂಜೆಕ್ಷನ್ ಕೊಟ್ಟಷ್ಟು, ಅಜ್ಜ" ಎಂದರು ಕುಬಾತ್.

"ನಂಗೆ ತುಂಬಾ ನೋವಾಗುತ್ತಪ್ಪ."

ಆಮೇಲಿನ ವಾರಗಳು ಬುರುಲ್ಚಾ ಅವರಿಗೆ ಹಗುರವಾಗಿರಲಿಲ್ಲ. ಈಗಿನ ಎಳೆಯ ಮರಗಳ ಉಂಗುರ ಹಿರಿಯರ ಬಾಲ್ಯದ ಉಂಗುರಕ್ಕಿಂತ ತೆಳುವಾಗಿದ್ದರೆ ಬೆಟ್ಟ ನಿಜಕ್ಕೂ ಒಣಗುತ್ತಿದೆ ಎಂದೇ ಅರ್ಥ. ಆಗ ಊರು ಇಳಿಯಲೇಬೇಕು, ಆ ಮಾತನ್ನು ಎರಡನೇ ಸಲವೂ ಅವರೇ ಹೇಳಬೇಕು. ಅತ್ತೆ ದಿನಾ ಫೋನು ಮಾಡಿ ಮೇಕೆ, ಮೊಸರು, ಮಂಡಿನೋವು ಎಲ್ಲ ಮಾತಾಡಿ, ಇಡುವ ಮುಂಚೆ ಒಂದೇ ಮಾತು ಕೇಳುತ್ತಿದ್ದರು: "ಮಕ್ಕಳು ಏನಂತಾರೆ?"

"ಇನ್ನೂ ಬಾಯಿ ಬಿಟ್ಟಿಲ್ಲ ಅಪಾ" ಎನ್ನುತ್ತಿದ್ದರು ಬುರುಲ್ಚಾ. ಅಪಾ ಎಂದರೆ ಅಮ್ಮ.

"ಬಿಡಿಸಬೇಡ. ತಾವೇ ಹೇಳ್ಲಿ."

ಜುಲೈ ತಿಂಗಳ ಒಂದು ಬೆಳಗ್ಗೆ ಕಡೆಯ ಕಡ್ಡಿ ಮುಗಿಯಿತು. ಬುರುಲ್ಚಾ ಕಂಪ್ಯೂಟರ್ ಮುಟ್ಟಲಿಲ್ಲ. ಹಿರಿಯರ ಬಾಲ್ಯವನ್ನು ಚೌಕಳಿ ಕಾಗದದ ಮೇಲೆ ಬರೆದರು. ಈಗಿನ ಮಕ್ಕಳದ್ದನ್ನು ತೆಳುವಾದ ಪಾರದರ್ಶಕ ಹಾಳೆಯ ಮೇಲೆ ಬರೆದು, ವಯಸ್ಸಿಗೆ ವಯಸ್ಸು ಕೂಡಿಸಿ, ಅದರ ಮೇಲಿಟ್ಟರು. ಎರಡೂ ಗೆರೆಗಳು ಒಂದೇ ಜಡೆಯ ಎರಡು ಎಳೆಗಳ ಹಾಗೆ ಒಂದರ ಮೈಮೇಲೆ ಒಂದು ಬಿದ್ದು ಸಾಗಿದವು. ಹಾಳೆ ಎತ್ತಿ ಮತ್ತೆ ಇಟ್ಟರು. ಇನ್ನೊಂದು ಸಲ ಇಟ್ಟರು. ಕುಬಾತ್ ಬಂದು, ಎಲ್ಲ ವಯಸ್ಸಿನ ಮರಗಳಿಂದ ಚಿಲ್-ಬುಲಾಕ್‌ನದೇ ಆದ ವಾಡಿಕೆಯ ಗೆರೆ ಮಾಡಿ, ಎಲ್ಲ ಅಳತೆಗಳನ್ನೂ ಅದರಿಂದ ಭಾಗಿಸಿ ನೋಡಿದರು. ನೂರು ವರ್ಷದ ಇಳಿಜಾರು ಎಲ್ಲೂ ಇರಲಿಲ್ಲ.

ಏರು ಇತ್ತು, ತಗ್ಗು ಇತ್ತು. ಅರ್ಚಬೆಕ್ ಅವರ ಅಜ್ಜನ ಕಾಲದಲ್ಲಿ ಒಂದು ಉದ್ದನೆಯ ತಗ್ಗು, ಈಗಿನದಕ್ಕಿಂತ ಆಳ. ಅದರಿಂದಲೂ ಬೆಟ್ಟ ಎದ್ದು ಬಂದಿತ್ತು. ಇತ್ತೀಚಿನ ವರ್ಷಗಳು ಕೊಂಚ ಬಾಯಾರಿದವೇ, ಅದನ್ನು ಯಾರೂ ಮುಚ್ಚಿಡಲಿಲ್ಲ. "ಮುಂದೆ ಏನು ಅಂತ ಮರ ಹೇಳಲ್ಲ" ಎಂದು ಕುಬಾತ್ ಜಿಲ್ಲೆಯವರಿಗೂ ಬಿಡಿಸಿ ಹೇಳಿದರು. "ಬೆಟ್ಟ ಬತ್ತುತ್ತಾ ಬಂದಿಲ್ಲ ಅನ್ನೋದನ್ನ ಮಾತ್ರ ಹೇಳುತ್ತೆ. ನಮ್ಮ ಮೊದಲ ಗೆರೆ ತಪ್ಪು."

ಆ ಬೆಳಗ್ಗೆ ಫೋನು ಮಾಡಿದ್ದು ಬುರುಲ್ಚಾ.

"ಅಪಾ, ಮಕ್ಕಳು ಚೆನ್ನಾಗಿದಾವೆ. ಅಜ್ಜಂದಿರು ಆ ವಯಸ್ಸಲ್ಲಿ ಹೇಗಿದ್ರೋ ಹಾಗೇ ಇದಾವೆ."

ಆ ಕಡೆ ಅತ್ತೆಯ ಧ್ವನಿ ಫೋನಿನಿಂದ ದೂರ ಹೋಗಿ ಅಂಗಳದ ಕಡೆ ಕೂಗಿತು: "ಏ ಮುದುಕಪ್ಪ, ಏಳು ತೊಲೆ ಮೇಲಿಂದ. ಹುಡುಗ ದೊಡ್ಡಿಗೆ ಸೂರು ಹಾಕಲಿ."

ಕೊಳವೆಯ ಕಾಲುವೆಯನ್ನು ನೆಲ ಹೆಪ್ಪುಗಟ್ಟುವ ಮೊದಲೇ ತೋಡಿ ಮುಗಿಸಿದ್ದಾರೆ. ಶಾಲೆಯವರೆಗೆ ನೀರು ಬಂದಿದೆ, ಮನೆಗಳಿಗೆ ವಸಂತದಲ್ಲಿ. ಬೆಟ್ಟ ಸರಿಯಾಗಿದೆ ಎಂದು ಮೊದಲೇ ಹೇಳಿದ್ದೆ ಎನ್ನುತ್ತಾರಂತೆ ಅರ್ಚಬೆಕ್. ಯಾವಾಗ ಹೇಳಿದೆ ಎಂದು ಕಲಿಚಾ ಕೇಳಿದರೆ, "ಮನಸ್ಸಲ್ಲಿ" ಎನ್ನುತ್ತಾರಂತೆ.

ಊರಿನವರು ಈಗ ಬುರುಲ್ಚಾ ಅವರನ್ನು ಕಂಡರೆ ಸಂತೆಯ ನಡುವೆಯೂ ನಿಲ್ಲಿಸಿ ಹರಸುತ್ತಾರೆ. ಅದಕ್ಕೆ ಅವರು ನಾಚಿ ಬೇರೆ ದಾರಿ ಹಿಡಿಯುತ್ತಾರೆ. "ಮುಳುಗಿಸಿದವಳೂ ನಾನೇ, ಎತ್ತಿದವಳೂ ನಾನೇ. ಲೆಕ್ಕ ಸಮ ಆಯ್ತು. ಮುಪ್ಪು ಮರಕ್ಕೆ ಬಂದಿತ್ತು, ನಾನು ಬೆಟ್ಟದ ಮೇಲೆ ಹೇರಿದ್ದೆ. ಇಳಿಸಿದೆ, ಅಷ್ಟೇ."

ಮೇಜಿನ ಮೇಲೆ ಈಗ ಇರುವ ಕಡ್ಡಿಗಳು ಯಾವ ಊರಿನವು ಎಂದು ಕೇಳಿದೆ. ಯಾವ ಊರಿನವೂ ಅಲ್ಲವಂತೆ. ಮನುಷ್ಯರೇ ಇಲ್ಲದ ಒಂದು ಕಣಿವೆ. ಅಲ್ಲಿ ಎಳೆಯವು, ಹಳೆಯವು ಎಲ್ಲ ವಯಸ್ಸಿನ ಮರಗಳನ್ನೂ ಕೊರೆದು ತಂದಿದ್ದಾರೆ, ಆ ಸೀಮೆಗೆ ಅಲ್ಲಿಯದೇ ವಾಡಿಕೆಯ ಗೆರೆಯೊಂದು ಕೈಯಲ್ಲಿರಲಿ ಎಂದು. ಏನಾದರೂ ಆಸೆ ಇದೆಯೇ ಎಂದದ್ದಕ್ಕೆ ಬುರುಲ್ಚಾ ಮೊದಲ ಸಲ ಸೂಕ್ಷ್ಮದರ್ಶಕದಿಂದ ಪೂರ್ತಿ ತಲೆ ಎತ್ತುತ್ತಾರೆ, ಕುತ್ತಿಗೆ ಒತ್ತಿಕೊಳ್ಳುತ್ತಾರೆ.

"ಇದೇ ಸಾಕು. ಈ ಒಂದು ಚಳಿಗಾಲ ಹೀಗೇ ಇರ್ಲಿ. ಯಾರ ಮನೆಯ ಗತಿಯೂ ಈ ಮರಗಳ ಮೇಲೆ ನೇತಾಡ್ತಿಲ್ಲ. ನಿಧಾನಕ್ಕೆ ಅಳೀತೀನಿ."